ವಾಪಸ್ ಬಂದ ನಾಲ್ಕು ಮುಚ್ಚಳ

ಮಗಳಿಗೆ ಕೊಟ್ಟು ಕಳಿಸಿದ ಗೊಜ್ಜಿನ ಬಾಟಲಿಗಳ ಮುಚ್ಚಳವನ್ನು ಸೊಸೆ ವಾಪಸ್ ಕೇಳಿದ್ದಾಳೆ ಅನ್ನುವುದು ಬಸಮ್ಮನಿಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ. ನಂಜನಗೂಡಿನಿಂದ ಮಗಳು ಸರ್ವಮಂಗಳ ಫೋನು ಮಾಡಿದ್ದಳು.

"ಅವ್ವ, ನಿಮ್ಮನೇಲಿ ಅಷ್ಟೊಂದು ಬಡತನ ಬಂದ್ಬುಡ್ತಾ?"

"ಯಾಕವ್ವ, ಏನಾಯ್ತು?"

"ನಿನ್ ಸೊಸೆ ಮನೆಯೋರ ಗ್ರೂಪಿಗೆ ಮೆಸೇಜ್ ಹಾಕವ್ಳೆ. ಬಾಟಲಿ ತಗೊಂಡೋದೋರು ಮುಚ್ಚಳ, ರಬ್ಬರು ತೊಳ್ದು ವಾಪಸ್ ಕೊಡ್ಬೇಕಂತೆ. ತಗೊಂಡ್ ಬಂದೋಳು ನಾನೊಬ್ಳೇ ಅಲ್ವಾ? ನಮ್ಮ ಯಜಮಾನ್ರು ಅದ್ನ ಊಟದ ಹೊತ್ತಲ್ಲಿ ಎಲ್ರ ಮುಂದೆ ಓದುದ್ರು. ನಮ್ಮತ್ತೆ ನಕ್ಕಿದ್ದೇ ನಕ್ಕಿದ್ದು."

ಬಸಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಬಾಣಲೆಯಲ್ಲಿ ಸಾಸಿವೆ ಸೀದು ಹೊಗೆ ಎದ್ದಿತು. ಒಲೆ ಆರಿಸಿ ನೇರ ಹಿಂದಿನ ವರಾಂಡಕ್ಕೆ ಹೋದಳು. ಸೊಸೆ ದಾಕ್ಷಾಯಿಣಿ ಅಲ್ಲಿ ನೆಲದ ಮೇಲೆ ಕೂತು ಬಾಟಲಿ ಒರೆಸುತ್ತಿದ್ದಳು.

"ಮನೆಮಗಳತ್ರ ಮುಚ್ಚಳ ವಾಪಸ್ ಕೇಳಿದ್ಯಾ?"

"ಹೌದು ಅತ್ತೆ. ಬಾಟಲಿ ಕೇಳ್ಲಿಲ್ಲ, ಗೊಜ್ಜಿನ ದುಡ್ಡು ಕೇಳ್ಲಿಲ್ಲ. ಮುಚ್ಚಳ ಕೇಳ್ದೆ."

"ನಾನು ಕೊಟ್ಟಿದ್ದು ಕಣಮ್ಮ ಅದು. ನನ್ ಮಗಳಿಗೆ."

"ನನ್ನನ್ನ ಒಂದು ಮಾತು ಕೇಳ್ದೆ ಕೊಟ್ರಿ. ಅಂಗಡಿಗೆ ಅಂತ ಎತ್ತಿಟ್ಟಿದ್ದ ಬಾಟಲಿ ಅವು. ಅದಕ್ಕೂ ನಾನು ಏನಾದ್ರೂ ಅಂದ್ನಾ? ಆ ಮುಚ್ಚಳ ಇಲ್ಲಿ ಸಿಗಲ್ಲ, ತರಿಸ್ಬೇಕು. ಯಾರು ತಗೊಂಡು ಹೋದ್ರೂ ಕೇಳ್ತೀನಿ. ರಾಮಸ್ವಾಮಿಯವ್ರ ಅಂಗಡಿ ಗಿರಾಕಿಗಳೇ ತೊಳ್ದು ವಾಪಸ್ ಕೊಡ್ತಾರೆ. ಇವ್ರಿಗೇನಂತೆ?"

"ಗಿರಾಕಿನೂ ಮನೆಮಗಳೂ ಒಂದೇನಾ ನಿನ್ಗೆ?"

"ಗಿರಾಕಿ ದುಡ್ಡಾದ್ರೂ ಕೊಡ್ತಾರೆ," ಅಂದಳು ದಾಕ್ಷಾಯಿಣಿ, ತಲೆ ಎತ್ತದೆ.

ಆ ದಿನ ಮನೆಯಲ್ಲಿ ಯಾರೂ ಉಪ್ಪಿಟ್ಟು ತಿನ್ನಲಿಲ್ಲ.

ರಾಮಕೃಷ್ಣನಗರದ ಆ ಮನೆಗೆ ಬಸಮ್ಮ ಬಂದು ಇಪ್ಪತ್ತಾರು ವರ್ಷವಾಗಿತ್ತು. ಗಂಡ ಸಿದ್ದಮಲ್ಲಪ್ಪ ಕಡಕೊಳದ ರಬ್ಬರ್ ಕಾರ್ಖಾನೆಯೊಂದರಲ್ಲಿ ವಾಶರ್ ತಪಾಸಣೆ ಮಾಡುವ ಕೆಲಸದಲ್ಲಿದ್ದು, ಸಾಲ ತೀರಿಸುತ್ತಾ ತೀರಿಸುತ್ತಾ ಕಟ್ಟಿಸಿದ ಮನೆ. ಅಡುಗೆಮನೆಯ ಅಟ್ಟದ ಮೇಲೆ ಆರು ಪಿಂಗಾಣಿ ಜಾಡಿ. ಪ್ರತಿ ಬೇಸಿಗೆಯಲ್ಲೂ ಬಸಮ್ಮ ಮಾವಿನಕಾಯಿ, ನಿಂಬೆ, ಹೇರಳೆಕಾಯಿ ಉಪ್ಪಿನಕಾಯಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟು, ಬಂಧುಬಳಗಕ್ಕೆಲ್ಲ ಹಂಚುತ್ತಿದ್ದಳು. ಕೊಟ್ಟ ಡಬ್ಬಿಯನ್ನು ಯಾವತ್ತೂ ವಾಪಸ್ ಕೇಳಿದವಳಲ್ಲ. ಬಂದರೆ ಬಂತು, ಹೋದರೆ ಹೋಯಿತು.

ದಾಕ್ಷಾಯಿಣಿ ಪಾಠ ಹೇಳುತ್ತಿದ್ದ ಸಣ್ಣ ಶಾಲೆ ಎರಡು ವರ್ಷದ ಹಿಂದೆ ಬಾಗಿಲು ಹಾಕಿತು. ಮೂರು ತಿಂಗಳು ಸುಮ್ಮನೆ ಕೂತವಳು ನಾಲ್ಕನೆಯ ತಿಂಗಳು ಟೊಮೆಟೊ ಗೊಜ್ಜು ಮಾಡಿ ಗಾಜಿನ ಬಾಟಲಿಗೆ ತುಂಬಿ, ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಬಾಟಲಿಗಳನ್ನೇ ಮುಳುಗಿಸಿ ಬೇಯಿಸಿದಳು. ಹಾಗೆ ಮಾಡಿದರೆ ಒಳಗಿನ ಗಾಳಿ ಹೊರಗೆ ಹೋಗಿ, ಆರಿದ ಮೇಲೆ ಮುಚ್ಚಳ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗೊಜ್ಜು ವರ್ಷವಾದರೂ ಕೆಡುವುದಿಲ್ಲ. ಕುವೆಂಪುನಗರದ ರಾಮಸ್ವಾಮಿಯ ದಿನಸಿ ಅಂಗಡಿಯಲ್ಲಿ ಅದು ಖರ್ಚಾಗತೊಡಗಿತು. ಗೊಜ್ಜಿನ ಹದ ಮಾತ್ರ ಬಸಮ್ಮನದು. ಹುಣಸೆಹುಳಿ ಎಷ್ಟು, ಮೆಂತ್ಯ ಎಷ್ಟು, ಬೆಲ್ಲ ಯಾವಾಗ ಅನ್ನುವುದನ್ನೆಲ್ಲ ಸೊಸೆ ಅವಳ ಪಕ್ಕ ನಿಂತೇ ಕಲಿತದ್ದು. ಬಾಟಲಿಯ ಚೀಟಿಯ ಮೇಲೆ ಬಂದ ಹೆಸರು ಮಾತ್ರ ದಾಕ್ಷಾಯಿಣಿಯದು.

ಮುಚ್ಚಳದ ಜಗಳ ಶುರುವಾದದ್ದು ಆಗಲೇ. ಮೊದಮೊದಲು ತರುತ್ತಿದ್ದ ತಗಡಿನ ಮುಚ್ಚಳ ಒಂದೇ ಸಲಕ್ಕೆ. ತೆಗೆದ ಮೇಲೆ ಕಸಕ್ಕೆ. ಬಸಮ್ಮ ಅವನ್ನು ಕಸದ ಬುಟ್ಟಿಯಿಂದ ಆರಿಸಿ, ತೊಳೆದು, ಡಬ್ಬಿಯಲ್ಲಿ ಪೇರಿಸಿಟ್ಟಳು. ಚಿನ್ನದಂಥ ತಗಡು ಬಿಸಾಕುತ್ತಾಳೆ ಎಂದು ಬಂದವರ ಮುಂದೆಲ್ಲ ಆಡಿದಳು. ಒಂದು ದಿನ ಸೊಸೆ ಪಾರ್ಸೆಲ್ಲೊಂದನ್ನು ಅವಳ ಮುಂದೆಯೇ ಬಿಚ್ಚಿದಳು. ಬಿಳಿಯ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಗಳು, ಅವುಗಳ ಕೆಳಗೆ ಕೂರುವ ಕೆಂಪು ರಬ್ಬರ್ ಉಂಗುರಗಳು, ಎರಡನ್ನೂ ಬಾಟಲಿಯ ಬಾಯಿಗೆ ಒತ್ತಿ ಹಿಡಿಯುವ ತಗಡಿನ ಬಳೆಗಳು. ನಾಲ್ಕು ಡಜನ್.

"ಎಸೀಬೇಡ ಎಸೀಬೇಡ ಅಂತ ಪ್ರಾಣ ತಿಂತಿದ್ರಲ್ಲ ಅತ್ತೆ, ತಗೊಳ್ಳಿ. ಎಸೆಯೋದೇ ಬೇಡ ಇದನ್ನ. ತೊಳ್ದು ತೊಳ್ದು ಹತ್ತು ವರ್ಷ ಹಾಕಬಹುದಂತೆ."

ಅದು ಸಮಾಧಾನದ ಮಾತೋ ಚುಚ್ಚು ಮಾತೋ ಬಸಮ್ಮನಿಗೆ ತಿಳಿಯಲಿಲ್ಲ. ಚುಚ್ಚು ಮಾತೇ ಎಂದುಕೊಂಡಳು. ಅಲ್ಲಿಂದ ಮನೆಯಲ್ಲಿ ಮುಚ್ಚಳದ ಕಾನೂನು ಬಂತು. ಬೇಯಿಸುವ ಮುಂಚೆ ಬಳೆಯನ್ನು ಬಿಗಿ ಮಾಡಬಾರದು, ಬೆಂದ ಮೇಲೆ ತಕ್ಷಣ ಬಿಗಿ ಮಾಡಬೇಕು. ತೆಗೆಯುವಾಗ ಚಾಕು ತಾಕಿಸಬಾರದು, ಬೆರಳಲ್ಲೇ ರಬ್ಬರಿನ ಅಂಚು ಎಳೆಯಬೇಕು. ತೊಳೆಯುವಾಗ ತಂತಿಯ ನಾರು ಮುಟ್ಟಿಸಬಾರದು. ನಲವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಮುಚ್ಚಳ ತೆಗೆಯುವುದು ಹೇಗೆ ಎಂದು ಪಾಠ!

ಬುಧವಾರ ಮಧ್ಯಾಹ್ನ ಸರ್ವಮಂಗಳ ಬಂದಳು. ದಾಕ್ಷಾಯಿಣಿ ಸ್ಕೂಟರಿನಲ್ಲಿ ಅಂಗಡಿಗೆ ಹೋಗಿದ್ದಳು. ಮಗಳು ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಪ್ಲಾಸ್ಟಿಕ್ ಕವರೊಂದನ್ನು ಒಳಗಿನ ಮೇಜಿನತ್ತ ಬೀಸಿದಳು. ಬಿಲ್ಲೆಗಳು ಕಟಕಟ ಸದ್ದು ಮಾಡಿದವು.

"ನಾಲ್ಕು ಮುಚ್ಚಳ, ನಾಲ್ಕು ರಬ್ಬರು, ನಾಲ್ಕು ಬಳೆ. ಎಣುಸ್ಕೊಳಕ್ಕೆ ಹೇಳು ನಿನ್ ಸೊಸೆಗೆ."

"ಒಳಗೆ ಬಾ ಮಗ. ಮುದ್ದೆ ಮಾಡಿದೀನಿ, ಅವರೆಕಾಳು ಸಾರು..."

"ಈ ಮನೇಲಿ ನಾನು ನೀರೂ ಕುಡಿಯಲ್ಲ ಅವ್ವ. ತಟ್ಟೆ ವಾಪಸ್ ಕೊಟ್ಟೋಗು ಅಂದ್ಬುಟ್ರೆ?"

"ಅಂಗೆಲ್ಲ ಮಾತಾಡ್ಬ್ಯಾಡ ಕಣೆ."

"ಆಡ್ದೋರು ಯಾರು? ನಾನಾ?" ಬಂದ ಆಟೋವನ್ನು ಅವಳು ಕಳಿಸಿಯೇ ಇರಲಿಲ್ಲ. ಅದರಲ್ಲೇ ಹತ್ತಿ ಹೋದಳು.

ಬಸಮ್ಮ ಗೇಟಿನವರೆಗೂ ಹೋಗಿ, ಆಟೋ ತಿರುವು ದಾಟುವವರೆಗೂ ನಿಂತು, ಒಳಗೆ ಬಂದಳು. ಸಿದ್ದಮಲ್ಲಪ್ಪ ಕನ್ನಡಕ ಏರಿಸಿಕೊಂಡು ಮೇಜಿನ ಮುಂದೆ ಕೂತಿದ್ದರು. ಕವರಿನಿಂದ ಒಂದು ಉಂಗುರ ತೆಗೆದು, ಅದನ್ನು ಒಳಗಿನದು ಹೊರಗೆ ಬರುವಂತೆ ತಿರುಚಿ, ಉಗುರಿನಿಂದ ಅಂಚು ಸವರಿ ನೋಡಿದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಮೂವತ್ತು ವರ್ಷ ಮಾಡಿದ ಕೆಲಸ, ಕೈ ಇನ್ನೂ ಮರೆತಿರಲಿಲ್ಲ.

"ಚಾಕು ಹಾಕಿ ಮೀಟವ್ಳೆ ನಿನ್ ಮಗಳು. ನೋಡಿಲ್ಲಿ, ಕಚ್ಚು ಬಿದ್ದದೆ. ನಾಲ್ಕಕ್ಕೂ."

"ಕಾಣ್ಸೋದೇ ಇಲ್ಲ."

"ಬಿಟ್ರೆ ಕಾಣ್ಸಲ್ಲ. ಎಳುದ್ರೆ ಬಾಯಿ ಬಿಡ್ತದೆ. ಇಂಥದ್ದು ಇವತ್ತು ಹಿಡ್ಕತ್ತದೆ, ಹದಿನೈದು ದಿನ ಬಿಟ್ಟು ಕೈ ಕೊಡ್ತದೆ. ಒಳಗಿರೋದು ವಿಷ ಆಗ್ತದೆ. ರಬ್ಬರು ಬಿಸಾಕ್ಬುಡು. ಬಿಲ್ಲೆ ಇರ್ಲಿ."

ಊಟ ಮಾಡಿ ಅವರು ಮಲಗಲು ಹೋದರು. ಬಸಮ್ಮ ನಾಲ್ಕು ಉಂಗುರಗಳನ್ನು ಕೈಯಲ್ಲಿ ಹಿಡಿದು ಕಸದ ಬುಟ್ಟಿಯ ಹತ್ತಿರ ಹೋದಳು. ಮಗಳು ಚಪ್ಪಲಿ ಬಿಡದೆ ನಿಂತದ್ದು ಕಣ್ಣ ಮುಂದೆ ಬಂತು. ಅವಳಿಗೆಂದು ಮಾಡಿದ ಸಾರಿನ ಪಾತ್ರೆ ಒಲೆಯ ಮೇಲೆ ಹಾಗೆಯೇ ಇತ್ತು. ಈ ನಾಲ್ಕು ರಬ್ಬರಿಗಾಗಿ ತಾನೆ? ಸೊಸೆ ಕೇಳಿದಳಲ್ಲ, ಇಟ್ಟುಕೊಳ್ಳಲಿ. ಅವಳ ಹೆಸರು ಬರೆದ ಒಂದು ಬಾಟಲಿ ಅಂಗಡಿಯಲ್ಲಿ ನೊರೆ ಉಕ್ಕಲಿ, ರಾಮಸ್ವಾಮಿ ಎರಡು ಮಾತು ಆಡಲಿ, ಆಗ ಗೊತ್ತಾಗುತ್ತೆ.

ಅವಳು ವರಾಂಡಕ್ಕೆ ಹೋಗಿ, ಉಂಗುರಗಳಿದ್ದ ನೀಲಿ ಡಬ್ಬಿ ತೆರೆದು, ನಾಲ್ಕನ್ನೂ ಅದರೊಳಗೆ ಹಾಕಿ ಕೈಯಾಡಿಸಿ ಬಿಟ್ಟಳು.

"ಎಸೆದ್ಯಾ?" ಸಂಜೆ ಕಾಫಿ ಕುಡಿಯುತ್ತಾ ಸಿದ್ದಮಲ್ಲಪ್ಪ ಕೇಳಿದರು.

"ಹ್ಞೂಂ," ಅಂದಳು.

ಮುಂದಿನ ವಾರ ಟೊಮೆಟೊ ಬೆಲೆ ಬಿತ್ತು. ಮಗ ಸಿದ್ದಲಿಂಗಸ್ವಾಮಿ ಸ್ಕೂಟರಿನ ಮುಂದೆ ಒಂದು, ಹಿಂದೆ ಒಂದು ಕ್ರೇಟು ಕಟ್ಟಿಕೊಂಡು ಬಂದ. ಅವನು ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೌಂಟರಿನಲ್ಲಿ ಇರುತ್ತಿದ್ದ. ದಿನವಿಡೀ ಗಿರಾಕಿಗಳ ಜಗಳ ಕೇಳಿ ಮನೆಗೆ ಬಂದರೆ ಇಲ್ಲೂ ಅದೇ.

"ಅವ್ವ, ಭಾನುವಾರ ಒಂದ್ ದಿವ್ಸ ಅವಳ ಜತೆ ಕೈ ಹಾಕು. ಒಬ್ಳೇ ಎಷ್ಟು ಅಂತ ಮಾಡ್ತಾಳೆ?"

"ನನ್ ಕೈ ತಾಗುದ್ರೆ ಮುಚ್ಚಳ ಸವುದೋಗ್ತದಪ್ಪ."

"ಬರೋದು ಬೇಡ ಬಿಡಿ," ಅಂದಳು ದಾಕ್ಷಾಯಿಣಿ ಒಳಗಿನಿಂದ. "ಕೊನೇಗೆ ಉಪ್ಪು ಜಾಸ್ತಿ ಆಯ್ತು ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಾರೆ."

"ನೋಡ್ದಾ? ನೋಡ್ದಾ ಬಾಯಿ?"

"ಇಬ್ರೂ ಸುಮ್ನಿರ್ರಪ್ಪ!" ಅಂದು ಸ್ವಾಮಿ ಸ್ನಾನಕ್ಕೆ ಹೋದ. ಯಾವ ಜಗಳದಲ್ಲೂ ಅವನ ಕೊನೆಯ ಮಾತು ಅದೇ, ಮೊದಲ ಮಾತೂ ಅದೇ.

ಭಾನುವಾರ ಇಡೀ ದಿನ ಬಸಮ್ಮ ಮುಂದಿನ ಜಗುಲಿಯ ಮೇಲೆ ಕೂತು ಅಕ್ಕಿ ಆರಿಸಿದಳು. ಒಳಗಿನಿಂದ ಗೊಜ್ಜಿನ ವಾಸನೆ ಬರುತ್ತಿತ್ತು. ಬೆಲ್ಲ ಹಾಕುವ ಹೊತ್ತಾಯಿತು ಎಂದು ಮೂಗಿಗೆ ಗೊತ್ತಾಯಿತು. ಅಷ್ಟರಲ್ಲೇ ಬೆಲ್ಲದ ವಾಸನೆಯೂ ಬಂತು. ಸರಿಯಾದ ಹೊತ್ತಿಗೇ ಹಾಕಿದ್ದಳು. ಹನ್ನೊಂದು ವರ್ಷದ ಮೊಮ್ಮಗಳು ಲಾಸ್ಯ ಒಳಗೂ ಹೊರಗೂ ಓಡಾಡಿ ಸುದ್ದಿ ತರುತ್ತಿದ್ದಳು. "ಅಜ್ಜಿ, ನಲವತ್ತು ಬಾಟಲಿ ಆಯ್ತು!"

ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಒಂದೊಂದೇ ಬಾಟಲಿಯ ಬಳೆ ಬಿಚ್ಚಿ, ಬಿಲ್ಲೆಯನ್ನಷ್ಟೇ ಬೆರಳಲ್ಲಿ ಹಿಡಿದು ಬಾಟಲಿಯನ್ನು ಮೇಲೆತ್ತಿ ನೋಡಿದಳು. ಕಚ್ಚಿಕೊಂಡಿದ್ದರೆ ಬಾಟಲಿ ಮುಚ್ಚಳದ ಜೊತೆಯೇ ಏಳಬೇಕು. ಬಸಮ್ಮ ದೇವರ ಮನೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಾ ಕಿವಿ ಅತ್ತಲೇ ಇಟ್ಟಿದ್ದಳು.

"ನಲವತ್ತಕ್ಕೆ ನಲವತ್ತೂ ಹಿಡಿದಿದೆ ಮಾವ!" ಸೊಸೆ ಕೂಗಿ ಹೇಳಿದಳು.

ಮುದುಕರ ಮಾತು ಇಷ್ಟೇ, ಎಂದುಕೊಂಡಳು ಬಸಮ್ಮ. ಅವಳಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು.

ಆಮೇಲಿನ ಮೂರು ವಾರ ಮನೆಯಲ್ಲಿ ಎರಡು ಸಾರು ಆಯಿತು. ಬಸಮ್ಮ ಗಂಡನಿಗೂ ತನಗೂ ಬೇರೆ ಕುದಿಸಿದಳು. ಒಂದೇ ಒಲೆಯ ಎರಡು ಉರಿಯ ಮೇಲೆ ಎರಡು ಪಾತ್ರೆ. ತಟ್ಟೆ ಹಾಕುವಾಗ ಅತ್ತೆಯ ಸಾರು ಯಾರಿಗೆ, ಸೊಸೆಯ ಸಾರು ಯಾರಿಗೆ ಎಂದು ಸ್ವಾಮಿ ತಲೆ ಕೆರೆದುಕೊಂಡ. ಒಂದು ದಿನ ಎರಡನ್ನೂ ಕಲಸಿ ತಿಂದ. ಇಬ್ಬರೂ ಅವನ ಮೇಲೆ ಸಿಟ್ಟಾದರು. ಲಾಸ್ಯ ಮಾತ್ರ ಅಜ್ಜಿಯ ಪಕ್ಕವೇ ಕೂತು ಉಣ್ಣುತ್ತಿದ್ದಳು. ಮೊಮ್ಮಗಳ ತಟ್ಟೆಗೆ ತುಪ್ಪ ಹಾಕುವುದು ಬಸಮ್ಮನ ಕೆಲಸ. ಅದನ್ನು ದಾಕ್ಷಾಯಿಣಿ ಎಂದೂ ಕಿತ್ತುಕೊಂಡಿರಲಿಲ್ಲ.

ಮನೆಯಲ್ಲಿ ಹೊಸ ಬಾಟಲಿ ತೆಗೆದಾಗಲೆಲ್ಲ ಬಸಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಸರಿಯಾಗಿ ಕಚ್ಚಿಕೊಂಡ ಮುಚ್ಚಳ ಬಿಡುವಾಗ ಗಾಳಿ ಒಳಗೆ ನುಗ್ಗಿ 'ಟಪ್' ಅನ್ನುತ್ತದೆ. ಒಂದು ಸಲ ಅಂದಿತು. ಇನ್ನೊಂದು ಸಲವೂ ಅಂದಿತು. ನೀಲಿ ಡಬ್ಬಿಯಿಂದ ಆ ನಾಲ್ಕನ್ನು ಹುಡುಕಿ ತೆಗೆಯೋಣವೆಂದು ಅವಳು ಒಂದು ಮಧ್ಯಾಹ್ನ ಹೋದದ್ದೂ ಉಂಟು. ಡಬ್ಬಿಯಲ್ಲಿ ಉಳಿದಿದ್ದು ಎಂಟು ಉಂಗುರ. ಎಳೆದು ನೋಡಿದಳು, ಯಾವುದೂ ಬಾಯಿ ಬಿಡಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಲಾಸ್ಯಳಿಗೆ ಶಾಲೆಗೆ ಹೊತ್ತಾಗಿತ್ತು. ದಾಕ್ಷಾಯಿಣಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಹುಡುಗಿ ತಟ್ಟೆಗೆ ದೋಸೆ ಹಾಕಿಕೊಂಡು, ಅಲಮಾರಿನಿಂದ ಗೊಜ್ಜಿನ ಹೊಸ ಬಾಟಲಿ ತಂದು ಬಳೆ ತಿರುಗಿಸಿದಳು. ಬಳೆಯ ಜೊತೆಗೇ ಬಿಲ್ಲೆಯೂ ಎದ್ದು ಬಂತು. ಸದ್ದೇ ಆಗಲಿಲ್ಲ.

ಬಸಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು. ಲಾಸ್ಯ ಒಂದು ಚಮಚ ಗೊಜ್ಜು ಸುರಿದುಕೊಂಡು, ದೋಸೆ ಮುರಿದು, ಅದ್ದಿ, ಬಾಯಿಯ ಹತ್ತಿರ ತಂದಳು.

ಬಸಮ್ಮ ಎರಡೇ ಹೆಜ್ಜೆಗೆ ಅಲ್ಲಿದ್ದಳು. ಹುಡುಗಿಯ ಕೈಗೆ ಹೊಡೆದ ರಭಸಕ್ಕೆ ತುತ್ತು ಗೋಡೆಗೆ ಬಿತ್ತು. ತಟ್ಟೆ ನೆಲಕ್ಕೆ ಬಿದ್ದು ಗಿರ್ರನೆ ಸುತ್ತಿತು. ಲಾಸ್ಯ ಕಿಟಾರನೆ ಕಿರುಚಿದಳು.

"ನುಂಗಿದ್ಯಾ? ಮೊದ್ಲು ಏನಾದ್ರೂ ನುಂಗಿದ್ಯಾ? ಬಾಯಿ ತೆಗಿ!"

ದಾಕ್ಷಾಯಿಣಿ ಮೆಟ್ಟಿಲಿಳಿದು ಓಡಿ ಬಂದಾಗ ಅತ್ತೆ ಮಗುವಿನ ದವಡೆ ಹಿಡಿದು ಬಾಯೊಳಗೆ ಬೆರಳು ಹಾಕುತ್ತಿದ್ದಳು. ಅವಳು ಅತ್ತೆಯ ಕೈ ಕಿತ್ತು ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

"ಮಗು ಮೇಲೆ ಕೈ ಮಾಡಿದ್ರಾ? ನಾನು ಮಾಡಿದ ಗೊಜ್ಜು ಅಂತ ಮಗು ತಟ್ಟೆ ಎಸೀತೀರಾ? ನನ್ ಮೇಲೆ ಎಷ್ಟಾದ್ರೂ ಹಗೆ ಇಟ್ಕೊಳ್ಳಿ..."

"ಕೆಟ್ಟೋಗದೆ ಅದು!"

"ಮೂಸಿ ನೋಡಿದ್ರಾ?"

"ಇಲ್ಲ."

"ಬಾಯಿಗಿಟ್ಟು ನೋಡಿದ್ರಾ?"

ಬಸಮ್ಮ ನೆಲದ ಮೇಲಿದ್ದ ತಟ್ಟೆ ಎತ್ತಲು ಬಗ್ಗಿದಳು.

"ಬಾಗಿಲಲ್ಲಿ ನಿಂತಿದ್ದೋರಿಗೆ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು ಅತ್ತೆ?"

ಸದ್ದಿಗೆ ಸಿದ್ದಮಲ್ಲಪ್ಪ ಪೇಪರು ಹಿಡಿದೇ ಒಳಗೆ ಬಂದಿದ್ದರು. ಸ್ವಾಮಿ ಅರ್ಧ ಗಡ್ಡ ಹೆರೆದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ದಾಕ್ಷಾಯಿಣಿ ಬಾಟಲಿ ಎತ್ತಿ ಮೂಸಿದಳು. ಮುಖ ಹಿಂದಕ್ಕೆ ಸರಿಯಿತು. ಗೊಜ್ಜಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಮಾವ ಕೈ ಚಾಚಿದರು. ಅವಳು ರಬ್ಬರನ್ನು ಬಿಡಿಸಿ ಅವರಿಗೆ ಕೊಟ್ಟಳು. ಅವರು ಅದನ್ನು ತಿರುಚಿ ಎಳೆದರು. ಕಚ್ಚು ಬಾಯಿ ಬಿಟ್ಟಿತು.

"ಇದು ಮಂಗಳ ತಂದ್ಕೊಟ್ಟ ರಬ್ಬರು," ಅಂದರು. ಹೆಂಡತಿಯ ಕಡೆ ತಿರುಗಿದರು. "ಎಸೆದೆ ಅಂದಿದ್ದೆ."

"ಎಸೀಲಿಲ್ಲ."

"ಮರ್ತು..."

"ಮರೀಲಿಲ್ಲ. ಡಬ್ಬಿಗೆ ನಾನೇ ಹಾಕ್ದೆ. ನಾಲ್ಕೂ."

ದಾಕ್ಷಾಯಿಣಿ ಕೂಗಾಡುತ್ತಾಳೆ ಎಂದು ಬಸಮ್ಮ ಮೈ ಬಿಗಿಹಿಡಿದು ನಿಂತಿದ್ದಳು. ಅವಳು ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೂತಳು. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದಳು.

"ಒಂದು ಇಲ್ಲಿ ಸಿಕ್ತು. ಇನ್ನು ಮೂರು," ಅಂದಳು. "ಮನೇಲಿರೋದು ಎಂಟು ಬಾಟಲಿ. ಮಿಕ್ಕಿದ್ದು ಅಂಗಡಿಲಿದೆ, ಜನರ ಮನೇಲಿದೆ. ಯಾರ ಮನೇಲಿ ಯಾವ ಮಗು ದೋಸೆಗೆ ಹಾಕ್ಕೋತಿದೆಯೋ."

"ಅಷ್ಟೆಲ್ಲ ಏನೂ ಆಗಲ್ಲ ಕಣೆ," ಅಂದ ಸ್ವಾಮಿ. "ವಾಸ್ನೆ ಬಂದ್ರೆ ಅವ್ರೇ ಬಿಸಾಕ್ತಾರೆ."

"ನಿಮ್ ಮಗಳು ಬಿಸಾಕಿದ್ಳಾ?"

ಸ್ವಾಮಿ ಗಡ್ಡದ ನೊರೆ ಒರೆಸಿಕೊಂಡ. ದಾಕ್ಷಾಯಿಣಿ ಸ್ಕೂಟರಿನ ಕೀ ತೆಗೆದುಕೊಂಡು ಅತ್ತೆಯ ಮುಂದೆ ನಿಂತಳು. "ನಡೀರಿ."

"ಎಲ್ಲಿಗೆ?"

"ನಾನು ಹೋಗಿ ನನ್ ಗೊಜ್ಜು ಕೆಟ್ಟಿದೆ ಅಂತ ಹೇಳ್ಬೇಕಾ? ನೀವೇ ಬಂದು ಹೇಳಿ."

"ಅವ್ವನ್ನ ಯಾಕೆ ಬೀದಿಬೀದಿ..." ಎಂದು ಸ್ವಾಮಿ ಬಾಯಿ ತೆರೆದ.

"ಹೋಗ್ಲಿ ಬುಡು," ಅಂದರು ಸಿದ್ದಮಲ್ಲಪ್ಪ. ಮದುವೆಯಾದಂದಿನಿಂದ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಬಸಮ್ಮ ಕೇಳಿರಲಿಲ್ಲ. ಅವಳು ಒಳಗೆ ಹೋಗಿ ಸೀರೆ ಬದಲಿಸದೆ, ಸೆರಗು ಮಾತ್ರ ಸರಿಮಾಡಿಕೊಂಡು ಬಂದಳು.

ರಾಮಸ್ವಾಮಿಯ ಅಂಗಡಿಯಲ್ಲಿ ಏಳೆಂಟು ಜನ ಹಾಲು, ಬ್ರೆಡ್ಡಿಗೆ ನಿಂತಿದ್ದರು. ದಾಕ್ಷಾಯಿಣಿ ಅತ್ತೆಯನ್ನು ಮುಂದೆ ಬಿಟ್ಟು ಪಕ್ಕಕ್ಕೆ ಸರಿದಳು.

"ಗೊಜ್ಜಿನ ಬಾಟಲಿ ಮಾರ್ಬೇಡಿ," ಅಂದಳು ಬಸಮ್ಮ.

"ಯಾಕಮ್ಮ?"

"ಮೂರು ಬಾಟಲೀಲಿ ರಬ್ಬರು ಹರುದದೆ. ಯಾವ್ದು ಅಂತ ಗೊತ್ತಿಲ್ಲ."

"ಮೇಡಮ್ಮು ಅಷ್ಟು ಜೋಪಾನ ಮಾಡ್ತಾರಲ್ಲ?" ರಾಮಸ್ವಾಮಿ ದಾಕ್ಷಾಯಿಣಿಯತ್ತ ನೋಡಿದ. ಅವಳು ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಅವ್ಳ ತಪ್ಪಲ್ಲ. ಹರುದಿರೋದನ್ನ ಗೊತ್ತಿದ್ದೂ ನಾನು ಇಟ್ಟೆ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ರಾಮಸ್ವಾಮಿ ಇನ್ನೇನೂ ಕೇಳದೆ ಉಳಿದಿದ್ದ ಹದಿನಾರು ಬಾಟಲಿ ಇಳಿಸಿಕೊಟ್ಟ. ಕೊಂಡವರೆಲ್ಲ ಮುಚ್ಚಳ ವಾಪಸ್ ತರುವ ಗಿರಾಕಿಗಳಾದ್ದರಿಂದ ಅವರ ಹೆಸರು, ಮನೆ ಅವನಿಗೆ ಗೊತ್ತಿತ್ತು.

ಮೂರು ಗಂಟೆ ಹೊತ್ತು ಅವರಿಬ್ಬರೂ ಕುವೆಂಪುನಗರದ ಅಡ್ಡರಸ್ತೆಗಳಲ್ಲಿ ಸುತ್ತಿದರು. ಪ್ರತಿ ಗೇಟಿನ ಮುಂದೆಯೂ ದಾಕ್ಷಾಯಿಣಿ ಗಾಡಿ ನಿಲ್ಲಿಸಿ ಕರೆಗಂಟೆ ಒತ್ತಿ ಹಿಂದೆ ಸರಿಯುತ್ತಿದ್ದಳು. ಪ್ರತಿ ಬಾಗಿಲಲ್ಲೂ ಬಸಮ್ಮ ಅದನ್ನೇ ಹೇಳಿದಳು. ಲಕ್ಷ್ಮೀನರಸಿಂಹ ಅನ್ನುವ ಮೇಷ್ಟ್ರು ಅರ್ಧ ತಿಂದಿದ್ದ ಬಾಟಲಿ ತಂದು, "ಚೆನ್ನಾಗೇ ಇದೆಯಲ್ಲಮ್ಮ, ನಮ್ಮನೇಲಿ ಇದಕ್ಕೆ ಕಿತ್ತಾಡ್ತಾರೆ," ಅಂದರು. ಅವರ ರಬ್ಬರು ಸರಿಯಿತ್ತು. ಇನ್ನೊಂದು ಮನೆಯಲ್ಲಿ ಬಾಣಂತಿಯ ತಾಯಿ ಬಾಟಲಿಯನ್ನೇ ತೆರೆದಿರಲಿಲ್ಲ. ದಾಕ್ಷಾಯಿಣಿ ಬಿಲ್ಲೆ ಮುಟ್ಟಿದ ಕೂಡಲೇ ಅದು ಪಕ್ಕಕ್ಕೆ ಜಾರಿತು. ಆ ಹೆಂಗಸು ಇಬ್ಬರನ್ನೂ ದಿಟ್ಟಿಸಿ ನೋಡಿ, "ಇವತ್ತು ಮಧ್ಯಾಹ್ನ ಮಗಳಿಗೆ ಬಡಿಸೋಣ ಅಂತಿದ್ದೆ. ಮೊಲೆ ಹಾಲು ಕುಡಿಯೋ ಕೂಸಿದೆ ಮನೇಲಿ," ಅಂದು ಬಾಗಿಲು ಹಾಕಿಕೊಂಡಳು.

ಬಸಮ್ಮ ಗೇಟು ಹಿಡಿದುಕೊಂಡಳು. ದಾಕ್ಷಾಯಿಣಿ ಅವಳು ಸುಧಾರಿಸಿಕೊಳ್ಳುವವರೆಗೂ ಕಾದಳು. ಕೈ ಮಾತ್ರ ಕೊಡಲಿಲ್ಲ.

ಮೂರನೆಯದು ರಾಮಸ್ವಾಮಿ ಕೊಟ್ಟ ಬಾಟಲಿಗಳಲ್ಲಿ ಸಿಕ್ಕಿತು. ಮನೆಯ ಹಿತ್ತಲಲ್ಲಿ ಕೂತು ಸಿದ್ದಮಲ್ಲಪ್ಪ ಎಲ್ಲ ಉಂಗುರಗಳನ್ನೂ ಎಳೆದೆಳೆದು ನೋಡಿದರು. ನಾಲ್ಕನೆಯದು ಸಿಗಲಿಲ್ಲ.

"ಎಲ್ರ ಮನೆಯದೂ ಬಂತಲ್ಲ?" ಅಂದರು.

ಸ್ವಾಮಿ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. "ಎರಡು ಬಾಟಲಿ ಮಂಗಳಂಗೆ ಕೊಟ್ ಬಂದಿದ್ದೆ. ಹದಿನೈದು ದಿನ ಆಯ್ತು."

"ಯಾರು ಹೇಳುದ್ರು ನಿನ್ಗೆ?" ಬಸಮ್ಮ ಕೇಳಿದಳು.

"ಅವಳೇ," ಅಂದು ಹೆಂಡತಿಯತ್ತ ಕೈ ತೋರಿಸಿದ. "ಸಿಟ್ಟು ಇಳೀಲಿ, ನಾನು ಕೊಟ್ಟೆ ಅಂತ ಹೇಳ್ಬೇಡಿ, ನೀವೇ ತಂದಿದ್ದು ಅಂತ ಕೊಡಿ ಅಂದ್ಲು. ಮುಚ್ಚಳ ಕೇಳಲ್ಲ ಅಂತಾನೂ ಹೇಳಿ ಅಂದ್ಲು."

ಬಸಮ್ಮ ಸೊಸೆಯ ಮುಖ ನೋಡಿದಳು. ದಾಕ್ಷಾಯಿಣಿ ಬಾಟಲಿಯ ಗೊಜ್ಜನ್ನು ಗುಂಡಿಗೆ ಸುರಿಯುತ್ತಿದ್ದಳು. ಒಳ್ಳೆಯದು, ಕೆಟ್ಟದ್ದು ಎಂದು ನೋಡದೆ ಎಲ್ಲವನ್ನೂ ಸುರಿಯುತ್ತಿದ್ದಳು.

ಫೋನು ಎತ್ತಲು ಸರ್ವಮಂಗಳ ಬಹಳ ಹೊತ್ತು ಮಾಡಿದಳು. ಅಷ್ಟು ಹೊತ್ತೂ ಬಸಮ್ಮ ನಂಜುಂಡೇಶ್ವರನನ್ನು ನೆನೆದಳು. ಮಗಳ ಮನೆಯ ಎರಡು ಮಕ್ಕಳ ಮುಖ ಬಂದು ಬಂದು ಹೋಯಿತು.

"ಮಗ, ಸ್ವಾಮಿ ತಂದ್ಕೊಟ್ಟ ಗೊಜ್ಜು... ತಿಂದ್ರಾ?"

"ತಿನ್ನೋದಾ? ಅವ್ನು ಗೇಟು ದಾಟೋ ಮುಂಚೆ ಎರಡೂ ಬಾಟಲೀನ ಮೋರಿಗೆ ಹಾಕ್ದೆ. ಅವ್ಳ ಕೈಯಿಂದು ನಮ್ಮನೆಗೆ ಬ್ಯಾಡ."

ಬಸಮ್ಮ ಉಸಿರು ಬಿಟ್ಟಳು. "ಒಳ್ಳೇದಾಯ್ತು ಕಣವ್ವ, ಒಳ್ಳೇದಾಯ್ತು," ಅಂದಳು. ಸ್ಪೀಕರು ಹಾಕಿದ್ದ ಫೋನು. ಹಿತ್ತಲಲ್ಲಿದ್ದವರೆಲ್ಲ ಕೇಳಿಸಿಕೊಂಡರು. ದಾಕ್ಷಾಯಿಣಿ ಖಾಲಿ ಬಾಟಲಿಯನ್ನು ನೆಲಕ್ಕಿಟ್ಟು ಕೈ ತೊಳೆದುಕೊಂಡಳು.

"ನಾನು ಕೊಟ್ಟಿದ್ದನ್ನ ಅವ್ರು ಎಸೆದಿದ್ದಕ್ಕೆ ಬದುಕಿದ್ರು," ಅಂದಳು. "ನೀವು ಎಸೀದೆ ಇದ್ದಿದ್ದಕ್ಕೆ ನನ್ ಮಗಳು..." ಮುಂದಿನದನ್ನು ಹೇಳದೆ ಒಳಗೆ ಹೋದಳು.

ಮರುದಿನದಿಂದ ಅಡುಗೆ ಒಂದೇ ಆಯಿತು, ದಾಕ್ಷಾಯಿಣಿಯದು. ಬಸಮ್ಮ ಒಲೆಯ ಹತ್ತಿರ ಹೋಗಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಸಿದ್ದಮಲ್ಲಪ್ಪ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದರು. ಐದನೆಯ ದಿನ ದಾಕ್ಷಾಯಿಣಿ ಟೊಮೆಟೊ ನೋಡಲು ಮಾರುಕಟ್ಟೆಗೆ ಹೋಗಿ ಬರುವುದು ತಡವಾಯಿತು. ಲಾಸ್ಯ ಶಾಲೆಯಿಂದ ಹಸಿದು ಬಂದಿದ್ದಳು. ಬಸಮ್ಮ ಎದ್ದು ಅಕ್ಕಿರೊಟ್ಟಿ ತಟ್ಟಿದಳು. ಹುಡುಗಿಗೆ ಇಷ್ಟವೆಂದು ಕೊತ್ತಂಬರಿ, ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿದಳು. ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದು ತಟ್ಟೆಯನ್ನು ಮೊಮ್ಮಗಳ ಮುಂದೆ ಹಿಡಿದಳು.

"ತಗೋ ಕಂದ. ಬಿಸಿ ಅದೆ."

ಲಾಸ್ಯ ತಟ್ಟೆ ನೋಡಿದಳು. ಅಜ್ಜಿಯನ್ನು ನೋಡಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಮ್ಮ ಬರ್ಲಿ ಅಜ್ಜಿ," ಅಂದಳು. "ಕೇಳಿ ತಿಂತೀನಿ."

ಗೇಟಿನ ಹತ್ತಿರ ಸ್ಕೂಟರಿನ ಸದ್ದು ಇನ್ನೂ ಆಗಿರಲಿಲ್ಲ. ಬಸಮ್ಮ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ರೊಟ್ಟಿಯ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿತು.